ಒಂದು ಗೇಣು ಎಡಕ್ಕೆ

ಲಿಲಾವು ಕೂಗಲು ಬಂದವ ಬ್ಯಾಡಗಿಯವನು.
ಮೆಣಸಿನಕಾಯಿ ಚೀಲ ಕೂಗಿ ಕೂಗಿ ಪಳಗಿದ ಗಂಟಲು;
ಜರ್ಮನಿಯ ಊರಿನ ಹೆಸರು ಬಂದಲ್ಲಿ
ತಡವರಿಸಿ, ಕೆಮ್ಮಿ,
"ಪರದೇಶಿ ಮಾಲು" ಎಂದು ದಾಟಿಕೊಂಡ.

ಧಾರವಾಡದ ರೈಫಲ್ ಕ್ಲಬ್ಬು ಬಾಗಿಲು ಹಾಕಿ ಹನ್ನೊಂದು ವರ್ಷ.
ಬಿಲಿಯರ್ಡ್ಸ್ ಮೇಜು ಹೋಯಿತು, ಬೆತ್ತದ ಕುರ್ಚಿ ಹೋದವು,
ಗೋಡೆಯ ಕಡವೆ ಕೊಂಬನ್ನು ಅರಣ್ಯದವರು ಒಯ್ದರು.
ಉಳಿದದ್ದು ಹಸಿರು ಬನಾತಿನ ಮೇಲೆ
ಎರಡು ಗುರಿಬಂದೂಕು.
ಬೇಟೆಗೆ ಮಾಡಿದ್ದಲ್ಲ, ಯುದ್ಧಕ್ಕೂ ಅಲ್ಲ:
ರವಿವಾರ ಕೋಟು ತೊಟ್ಟು
ಕಾಗದದ ಕಪ್ಪು ಬೊಟ್ಟಿಗೆ ಹೊಡೆಯಲೆಂದೇ
ನೂರಿಪ್ಪತ್ತು ವರ್ಷದ ಹಿಂದೆ
ಯಾರೋ ತಾಳ್ಮೆಯಿಂದ ಕಡೆದದ್ದು.

ಪರವಾನಗಿ ಇದ್ದವರಷ್ಟೇ ಒಳಗೆ.
ನನ್ನದು ಬ್ಯಾಂಕಿನ ಕಾವಲಿನದು.
ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಮೆಟ್ಟಿಲ ಮೇಲೆ
ಇಪ್ಪತ್ತೇಳು ವರ್ಷ ಜೋಡುನಳಿಗೆ ಹಿಡಿದು ನಿಂತೆ,
ಒಮ್ಮೆಯೂ ಹಾರಿಸಲಿಲ್ಲ.
ಬಂದವರು ಚಲನ್ ತುಂಬಲು ಪೆನ್ನು ಕೇಳುತ್ತಿದ್ದರು.

ಮೊದಲನೆಯದು ಚಿತ್ತಾರದ್ದು.
ಕಟ್ಟಿಗೆಯ ತುಂಬ ಬಳ್ಳಿ, ಬಳ್ಳಿಯೊಳಗೊಂದು ಮೊಲ,
ತೋಳಿಗೆ ಕಚ್ಚಿಕೊಳ್ಳುವ ಹಿತ್ತಾಳೆಯ ಕೊಕ್ಕೆ,
ಎರಡು ಕುದುರೆ:
ಒಂದನ್ನು ಎಳೆದು ಕಟ್ಟಿದರೆ
ಇನ್ನೊಂದು ಉಸಿರಿಗೂ ಬೆದರುತ್ತದೆ.
ಎರಡನೆಯದು ಬೋಳು. ಹಿಡಿಕೆಗೆ ಸುತ್ತಿದ ತಂತಿ,
ಬಡಿಗ ರಂದಾ ಹೊಡೆದು ಊಟಕ್ಕೆ ಎದ್ದುಹೋದ ಹಾಗೆ.

ಬೆಳಗಾವಿಯ ಶಿರೋಳಕರ ಮೊಲದ ಬೆನ್ನು ಸವರಿದ.
ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು.

ನನ್ನಪ್ಪ ಮೋನಪ್ಪ ಅದೇ ಕ್ಲಬ್ಬಿನ ಮಾರ್ಕರ್.
ಗುಂಡು ಹೊರಡುವ ಕಡೆಯವನಲ್ಲ, ಬಂದು ಬೀಳುವ ಕಡೆಯವನು,
ಗುರಿಹಲಗೆಯ ಕೆಳಗೆ ತೋಡಿದ ತಗ್ಗಿನಲ್ಲಿ ಕೂತವನು.
ಮೇಲೆ ಕಾಗದ ಹರಿದ ಸಪ್ಪಳವಾದರೆ
ಬಿದಿರಕೋಲಿನ ತುದಿಯ ಬಿಲ್ಲೆ ಎತ್ತಿ ತೂತು ತೋರಿಸಬೇಕು,
ಆಮೇಲೆ ಜೋಳದಂಬಲಿಯ ಅಂಟು ಹಚ್ಚಿ ತೂತು ಮುಚ್ಚಬೇಕು.
ಮೂವತ್ತು ವರ್ಷ ಸಾಹೇಬರಿಗೆ ಕಂಡದ್ದು
ಬಿಲ್ಲೆ ಒಂದೇ.

ರಾತ್ರಿ ರೊಟ್ಟಿ ಮುರಿಯುತ್ತ ಹೇಳುತ್ತಿದ್ದ:
"ಚಿತ್ತಾರದ್ದು ಹತ್ತು ಗುಂಡಿಗೆ ಕಾವೇರತೈತಿ.
ಆಮ್ಯಾಲ ಒಂದು ಗೇಣು ಎಡಕ್ಕ.
ಸಾಹೇಬ್ರು ಗಾಳಿಗೆ ಬೈತಾರ.
ಬೋಳದ್ದು ಹೇಳಿದಲ್ಲಿಗೆ ಹೋಗತೈತಿ, ಪಾಪ."
ಎಡಗಂಬ ಸಿಡಿದು ಹಾರಿದ ಚಕ್ಕೆ
ಅವನ ಕಿರುಬೆರಳ ತುದಿ ಒಯ್ದ ದಿನವೂ
ಅವರು ಬೈದದ್ದು ಗಾಳಿಗೇ.
ದವಾಖಾನೆಯ ಖರ್ಚು ಕೊಟ್ಟರು,
ಸುಳ್ಳು ಹೇಳಬಾರದು.

ಸವಾಲು ಏರಿತು. ಒಂದು ಲಕ್ಷ ತೊಂಬತ್ತಕ್ಕೆ
ಮೊಲ ಶಿರೋಳಕರನ ಪಾಲಾಯಿತು.
ಹೇಳದೆ ಇರಲಾಗಲಿಲ್ಲ:
"ಸಾವಕಾರ್ರ, ಅದು ಎಡಕ್ಕ ಎಳೀತೈತ್ರಿ."
ನಕ್ಕ. "ಗ್ವಾಡಿಗೆ ತೂಗಹಾಕೂದ್ರಿ ಅಜ್ಜಾರ,
ಗ್ವಾಡಿ ಎಡಕ್ಕೂ ಇರತೈತಿ."

ಬೋಳದ್ದನ್ನು ಕೂಗುವ ಹೊತ್ತಿಗೆ ಜನ
ಗಿರಮಿಟ್ಟಿನ ಗಾಡಿಯತ್ತ ಸರಿದಿದ್ದರು.
ಕೂಗುವವನಿಗೂ ಹಸಿವು.
"ಮೂವತ್ತೆಂಟು ಸಾವಿರ, ಒಂದ ಸಲ, ಎರಡ ಸಲ..."
ಮೂರನೆಯದನ್ನು ನುಂಗಿಯೇ ಬಿಟ್ಟ.
ಮನೆಯಲ್ಲಿ ಇಪ್ಪತ್ತು ಎಂದು ಹೇಳಿದ್ದೇನೆ.

ಇದಕ್ಕೆ ಗುಂಡು ಈ ಸೀಮೆಯಲ್ಲೆಲ್ಲೂ ಸಿಗುವುದಿಲ್ಲ.
ಠಾಣೆಯ ರೈಟರ್ ನಾಲ್ಕು ಅರ್ಜಿ ಬರೆಸಿಕೊಂಡು
ಯಾಕೆ ಕೊಂಡಿರಿ ಎಂಬ ಕಾಲಮ್ಮಿಗೆ ಬಂದು ನಿಂತ.
ನಾನೂ ನಿಂತೆ.
ಫ್ಯಾನು ಎರಡು ಸುತ್ತು ತಿರುಗಿದ ಮೇಲೆ
"ಹವ್ಯಾಸ" ಎಂದು ಅವನೇ ಬರೆದುಕೊಂಡ.

ಸಂಜೆ ಮಾಳಿಗೆಯ ಮೇಲೆ
ಗುಂಡಿನ ಮನೆ ತೆರೆದು ನಳಿಗೆಯನ್ನು ಬೆಳಕಿಗೆ ಹಿಡಿದೆ.
ಬಡಿಗನ ಗಿರಮಿಟ್ಟು ತಿರುವಿದ ಹಾಗೆ
ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆಗಳು,
ಅವುಗಳ ತುದಿಗೆ ಜೋಳದ ಕಾಳಿನಷ್ಟು ಆಕಾಶ.
"ಅಜ್ಜಾ, ಉಲ್ಟಾ ಹಿಡದಿ!" ಮೊಮ್ಮಗ ಕೂಗಿದ.
ಹೌದು, ಬಂದೂಕಿನ ಬಾಯಿಗೇ ಕಣ್ಣಿಟ್ಟಿದ್ದೆ.
"ಇರಲಿ ತಗೋ," ಅಂದೆ,
"ನಮ್ಮ ಮನಿಯವರಿಗೆ ಈ ಕಡಿಂದನ ರೂಢಿ."