ಗಟ್ಟಿ

ಲಿಯೆಪಾಯದ ಬಂದರಿನ ಹಿಂದಣ ಬೀದಿಯಲ್ಲಿ
ಮೂವತ್ತೊಂದು ವರ್ಷದಿಂದ ರೊಟ್ಟಿ ಸುಡುತ್ತೇನೆ,
ಕಪ್ಪು ರೈ ರೊಟ್ಟಿ, ಮೇಲೆ ಶಾಹಿಜೀರಿಗೆ.
ಬಲೆ ಎಳೆಯುವವರು, ಟ್ರಾಮ್ ಓಡಿಸುವವರು,
ಹಲ್ಲಿಲ್ಲದವರು ಕೂಡ ನೆನೆಸಿಕೊಂಡು ತಿನ್ನುತ್ತಾರೆ.
ನನ್ನ ನಾಯಿಗೆ ಮಾತ್ರ ಆಗಿಬರದು.

ಹೆಸರು ಪೀಲಾಜಿಸ್. ಕೆಂಪು ಕೂದಲು, ಉದ್ದ ಕಿವಿ,
ಕಬ್ಬಿಣ ನುಂಗುವ ಆಸೆ, ಗಾಜಿನ ಕರುಳು.
ಒಂದು ಚೂರು ಕೆಳಗೆ ಬಿದ್ದರೆ ಸಾಕು,
ರಾತ್ರಿ ಮೂರಕ್ಕೆ ಬಾಗಿಲು ಕೆರೆತ;
ನೈಟಿಯ ಮೇಲೆ ಗಂಡನ ಕೋಟು, ಕೈಯಲ್ಲಿ ಟಾರ್ಚು,
ಹಿಮದ ಮೇಲೆ ಅವನು ಬರೆದದ್ದನ್ನು
ನಾನು ಬಗ್ಗಿ ಓದಬೇಕು.

ಡಾಕ್ಟರು ತಾಲಿವಾಲ್ಡಿಸ್ ಒಂದೊಂದಾಗಿ ಕಳೆದರು:
ಗೋಧಿ ಬೇಡ, ರೈ ಬೇಡ, ಹಾಲು, ಬೆಣ್ಣೆ, ಕೋಳಿ ಬೇಡ.
"ದಿನಾ ಬರೆದಿಡಿ," ಅಂದರು, "ಹೋದದ್ದು ಹೇಗಿತ್ತು ಅಂತ."
ಅಡುಗೆಮನೆಯ ಕ್ಯಾಲೆಂಡರಿನಲ್ಲಿ,
ನಾದಿನಿಯ ಹುಟ್ಟುಹಬ್ಬದ ಪಕ್ಕ, ಕರೆಂಟು ಬಿಲ್ಲಿನ ಪಕ್ಕ
ಬರೆದೆ: ನೀರು. ನೀರು. ಅಂಬಲಿ. ನೀರು.

ಪದಕ ಗೆದ್ದ ಕೈ ಇದು. ಸೋತಿತು.
ಮೊದಲ ತಟ್ಟೆ ಹೆಂಚಾಯಿತು; ಗಂಡ ಇಂದುಲಿಸ್
ಒಂದನ್ನೆತ್ತಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟ.
ಎರಡನೆಯದು ಮುಟ್ಟಿದರೆ ಮರಳು.
ಹುಳಿಯಿಲ್ಲದೆ, ಜಿಗುಟಿಲ್ಲದೆ
ಒಂದನ್ನೊಂದು ಹಿಡಿದು ನಿಲ್ಲುವುದು ಹೇಗೆಂದು
ಹಿಟ್ಟಿಗೂ ಗೊತ್ತಿರಲಿಲ್ಲ, ನನಗೂ.

ಮೂರನೆಯ ಸಲ ಅವಸರ ಬಿಟ್ಟೆ.
ಸಿಹಿಗುಂಬಳ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ
ರಾತ್ರಿಯಿಡೀ ನಲ್ಲಿಗೆ ನೇತುಹಾಕಿದೆ, ತೊಟ್ಟಿಕ್ಕಲಿ ಅಂತ.
ಗ್ರಿಕಿಯ ಹಿಟ್ಟು: ಮೂರು ಮೂಲೆಯ ಕಂದು ಕಾಳು,
ಗೋಧಿಗೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ.
ಒಂದು ಚಮಚ ಅಗಸೆಯ ಲೋಳೆ.
ಕೆಮ್ಮಿನ ಔಷಧಿಯ ಮುಚ್ಚಳದಿಂದ ಒತ್ತಿ ಒತ್ತಿ
ನಲವತ್ತು ಬಿಲ್ಲೆ. ಸಣ್ಣ ಉರಿ.
ನಾಲ್ಕನೆಯ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ
ಬರೆದೆ: ಗಟ್ಟಿ.
ಕೆಳಗೆ ಎರಡು ಗೆರೆ ಎಳೆದೆ.

ಆ ಶನಿವಾರ ಮೆಟ್ಟಿಲ ಮೇಲೆ
ಕೆಳಮನೆಯ ಓಟೊ, ಆರು ವರ್ಷದವನು,
ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಂಚುತ್ತಿದ್ದ:
ನಿನಗೊಂದು, ನನಗೊಂದು. ನಿನಗೊಂದು, ನನಗೆರಡು.
ಗೋಧಿ ತಿಂದರೆ ಹೊಟ್ಟೆ ಹಿಡಿದು ಮಲಗುವ ಹುಡುಗ.
ನನ್ನ ಅಂಗಡಿಯ ಗಾಜಿಗೆ ಮೂಗೊತ್ತಿ
ಉಸಿರಿನ ಮಂಜು ಬಿಟ್ಟು ಹೋಗುವುದಷ್ಟೇ
ಇಲ್ಲಿವರೆಗೆ ಅವನು ಮಾಡಿದ ವ್ಯಾಪಾರ.

ತಾಯಿ ಸೊಲ್ವಿತಾ ಓಡಿ ಬಂದಳು,
ಒಂದು ಕಾಲಲ್ಲಿ ಮಾತ್ರ ಚಪ್ಪಲಿ.
"ಏನಿದೆ ಇದರಲ್ಲಿ?"
ಕುಂಬಳ, ಗ್ರಿಕಿ, ಅಗಸೆ.
"ಇನ್ನು?"
ಇನ್ನೇನಿಲ್ಲ.
ಮೂರು ಬೆರಳು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.
ಆಮೇಲೆ ತಾನೇ ಒಂದನ್ನು ಕಚ್ಚಿ, ಅಗಿದು ಅಗಿದು,
"ಉಪ್ಪು?" ಅಂದಳು.
ನಾಯಿ ಕೇಳಲಿಲ್ಲ, ಅಂದೆ.

ಈಗ ಭಾನುವಾರ ಬೇಕರಿಯ ಅಂಗಿ ಹೊರಗೇ ಕಳಚಿ,
ಮೊಣಕೈವರೆಗೆ ತೊಳೆದು, ಉಗುರಿನ ಸಂದೂ ಬಿಡದೆ,
ಗೋಧಿ ಮುಟ್ಟದ ಬೇರೆ ಲಟ್ಟಣಿಗೆ ಹಿಡಿಯುತ್ತೇನೆ.
ಎರಡು ತಟ್ಟೆ ಒಲೆಗೆ. ಒಂದಕ್ಕೆ ಮಾತ್ರ ಉಪ್ಪು.
ಯಾವುದು ಯಾರದೆಂದು ಒಮ್ಮೆ ಅದಲುಬದಲಾಯಿತು;
ಇಬ್ಬರೂ ದೂರು ಹೇಳಲಿಲ್ಲ.

ಇವತ್ತಿನ ಚೌಕದಲ್ಲಿ ಬರೆದಿದ್ದೆ: ಪೀಲಾಜಿಸ್, ಗಟ್ಟಿ.
ಕೆಳಗೆ ಸೀಸದ ಕಡ್ಡಿಯಲ್ಲಿ, ಅಕ್ಷರ ಸೊಟ್ಟ ಹಾಕಿ
ಯಾರೋ ಸೇರಿಸಿದ್ದಾರೆ:
ಓಟೊನೂ.