ಎಡಕ್ಕೆ ಸವೆದ ನಿಬ್ಬು

ಮಂಡಕ್ಕಿ ಭಟ್ಟಿಯ ಲೆಕ್ಕ ಬರೆಯುವವಳಿಗೆ
ಇಷ್ಟೊಂದು ಪೆನ್ನು ಯಾಕೆ ಅಂತ ಮುರಿಗೆಪ್ಪನವರು ಕೇಳುತ್ತಾರೆ.
ಅವರಿಗೆ ಎರಡು ಬುಲೆಟ್ಟು, ಮೂರು ನಾಯಿ.
ನಾನು ಕೇಳಿದ್ದಿಲ್ಲ.

ಹದಿನೇಳಿವೆ. ಸೀರೆ ಪೆಟ್ಟಿಗೆಯಲ್ಲಿ,
ಹಳೆಯ ಕುಪ್ಪಸದ ಬಟ್ಟೆ ಹೊಲಿದು ಮಾಡಿದ ಹದಿನೇಳು ಗೂಡು.
ಬಂಗಾರದ ಟೊಪ್ಪಿಗೆಯ ಚೀನಾ ಹೀರೋ,
ನಿಬ್ಬನ್ನು ಸೆರಗಿನೊಳಗೆ ಮುಚ್ಚಿಕೊಂಡು ತುದಿ ಮಾತ್ರ ತೋರಿಸುವುದು.
ಎಬೊನೈಟಿನದು, ಕೈ ಬಿಸಿಯಾದಂತೆ
ಸುಟ್ಟ ರಬ್ಬರಿನ ವಾಸನೆ ಬಿಡುವುದು;
ಡ್ರಾಪರಿನಲ್ಲಿ ಹನಿಹನಿ ಕುಡಿಸಬೇಕು, ಕೂಸಿಗೆ ಕುಡಿಸಿದಂತೆ.
ಹೋದ ವರ್ಷದ ಬೋನಸ್ಸಿನಲ್ಲಿ ತರಿಸಿದ ಜಪಾನಿನದು,
ಗಾಜಿನಂಥ ಮೈ, ಒಳಗೆ ಶಾಯಿ ಅಲುಗುವುದು ಕಾಣುತ್ತದೆ.
ಬರೆಯದೆ ಸುಮ್ಮನೆ ಓಲಾಡಿಸುತ್ತ ಕೂತಿದ್ದೂ ಉಂಟು.

ಎಲ್ಲವೂ ಚೆನ್ನ. ಆದರೆ ಎಲ್ಲವೂ
ಬಲಗೈಯವರಿಗೆಂದು ಹುಟ್ಟಿದವು.
ನಾನು ಎಡಚಿ.
ಶಾಲೆಯಲ್ಲಿ ಚಂದ್ರಾಚಾರ್ ಮೇಷ್ಟ್ರು ಎಡಗೈ ಗೆಣ್ಣಿಗೆ
ರೂಲುಕಡ್ಡಿಯ ಅಂಚಿನಿಂದ ಬಡಿದು ಹೇಳುತ್ತಿದ್ದರು:
"ಆ ಕೈಯಾಗ ಸರಸ್ವತಿ ಕೂರಂಗಿಲ್ಲ."
ಬಲಗೈ ಕಲಿಯಲಿಲ್ಲ, ಎಡಗೈ ಬಿಡಲಿಲ್ಲ.
ಬರೆದ ಸಾಲಿನ ಮೇಲೇ ಅಂಗೈ ಹರಿದು
ಕಿರುಬೆರಳ ಕೆಳಗೊಂದು ನೀಲಿ ಮಚ್ಚೆ,
ಇಪ್ಪತ್ತೊಂಬತ್ತು ವರ್ಷದಿಂದ ಸೋಪಿಗೆ ಬಗ್ಗಿಲ್ಲ.

ಚೌಕಿಪೇಟೆಯಲ್ಲಿ, ವಾಚು ರಿಪೇರಿಯ ಮೆಟ್ಟಿಲ ಕೆಳಗೆ,
ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ ಘನಿ ಸಾಬರದು.
ಕಣ್ಣಿಗೆ ಗಾಜು ಕಚ್ಚಿ, ನಿಬ್ಬಿನ ಸೀಳಿಗೆ ಬ್ಲೇಡು ತೂರಿಸಿ,
ನಾಲಗೆಯನ್ನು ಬಿಸಿನೀರಲ್ಲಿ ಅದ್ದಿ ನಿಬ್ಬಿಗೆ ಒತ್ತಿ ಕೂರಿಸುವರು.
ಪೆನ್ನಿಗೂ ನಾಲಗೆ ಅಂತಾರೆ;
ಒಣಗಿದರೆ ಅದೂ ಮಾತು ಬಿಡುತ್ತದೆ.
ಶ್ರಾವಣದ ಒಂದು ಸಂಜೆ ಡಬ್ಬಿಯ ತಳದಿಂದ ಕರಿ ಪೆನ್ನೊಂದು ತೆಗೆದರು.
"ಬಂಗಾರದ ನಿಬ್ಬು. ಆದ್ರ ಬ್ಯಾಡ ಬಿಡ್ರಿ.
ಮೂರು ಮಂದಿ ಒಯ್ದು ವಾಪಸ್ ತಂದಾರ. ಗೀರತೈತಿ.
ಯಾವನೋ ತಪ್ಪು ತಿಕ್ಯಾನ."

ಅದ್ದಿ, ರಟ್ಟಿನ ಮೇಲೆ ಎಳೆದೆ.
ಗೀರಲಿಲ್ಲ.
ಬೆಣ್ಣೆ ಅನ್ನಬಹುದಿತ್ತು, ಈ ಊರಲ್ಲಿ ಅದು ಸುಲಭದ ಮಾತು.
ಬೆಣ್ಣೆಯಲ್ಲ. ಕತ್ತಲಲ್ಲಿ ಯಾರದೋ ಚಪ್ಪಲಿಗೆ ಕಾಲಿಟ್ಟಾಗ
ಅದರ ಹೆಬ್ಬೆರಳಿನ ಗುಳಿ ನನ್ನ ಹೆಬ್ಬೆರಳಿಗೇ ಸರಿಹೋದಂತೆ.
ಘನಿ ಸಾಬರು ನನ್ನ ಕೈ ನೋಡಿದರು, ನಿಬ್ಬು ನೋಡಿದರು, ಗಾಜು ತೆಗೆದರು.
"ಅಲಲಲ. ತಪ್ಪಲ್ಲಮ್ಮ ಇದು. ಎಡಕ್ಕ ಸವದೈತಿ."

ಎಷ್ಟು ರೀಮು ಬರೆದರೆ ತುದಿಯ ಮುತ್ತು ಹಾಗೆ ವಾಲುತ್ತದೆ?
ಮೈಮೇಲೆ ಸೂಜಿಯಲ್ಲಿ ಕೆತ್ತಿದ ಹೆಸರು ಸವೆದು
ಕೊನೆಯ ಅಕ್ಷರ ಮಾತ್ರ ಉಳಿದಿತ್ತು: ಪ್ಪ.
ದಾವಣಗೆರೆಯಲ್ಲಿ ಯಾವ ಪ್ಪ ಅಂತ ಹುಡುಕಲಿ?
ಕಲ್ಲೆಸೆದರೆ ಒಬ್ಬ ಅಪ್ಪನಿಗೆ ತಾಕುವ ಊರು;
ನನ್ನ ಸಂಬಳ ಎಣಿಸುವವರೇ ಒಬ್ಬರು.
ಹತ್ತಿ ಮಿಲ್ಲಿನ ಹಾಜರಿ ಗುಮಾಸ್ತ ಇರಬೇಕು ಅಂದುಕೊಂಡೆ.
ಅವನಿಗೆ ಮೀಸೆ ಕೊಟ್ಟೆ, ಛತ್ರಿ ಕೊಟ್ಟೆ,
ಕಿರುಬೆರಳ ಕೆಳಗೆ ನನ್ನದೇ ಮಚ್ಚೆ ಕೊಟ್ಟೆ.

ರಾತ್ರಿ ಬಟ್ಟಲ ನೀರಲ್ಲಿ ನಿಬ್ಬು ನೆನೆಸಿದೆ.
ಒಣಗಿದ ಶಾಯಿ ಎಳೆಎಳೆಯಾಗಿ ಇಳಿಯಿತು,
ಭಟ್ಟಿಯ ಹೊಗೆಯನ್ನು ತಲೆಕೆಳಗು ಹಿಡಿದಂತೆ.
ಮೊದಲು ಕಪ್ಪು. ಬಹಳ ಹೊತ್ತಿನ ಮೇಲೆ, ಕೆಂಪು.
ಹೆಸರಿಗೆ ಸೀಮೆಸುಣ್ಣದ ಪುಡಿ ತಿಕ್ಕಿ ದೀಪಕ್ಕೆ ಓರೆ ಹಿಡಿದೆ:
ಅಳಿಸಿದ್ದ ಒಂದು ಎಳೆ ಬಂದು ಕೂಡಿತು.
ಪ್ಪ ಅಲ್ಲ.
ವ್ವ.

ಮೀಸೆ, ಛತ್ರಿ ವಾಪಸ್ ತೆಗೆದುಕೊಂಡೆ.
ಮಚ್ಚೆ ಅಲ್ಲೇ ಇರಲಿ.
ಬಂಗಾರದ ನಿಬ್ಬು ಯಾರು ಕೊಡಿಸಿದರು ನಿನಗೆ,
ಇಲ್ಲ, ಬಳೆಗೆಂದು ಇಟ್ಟ ದುಡ್ಡಲ್ಲಿ ನೀನೇ ಕೊಂಡೆಯಾ?
ಕೆಂಪಿನಲ್ಲಿ ಏನು ತಿದ್ದುತ್ತಿದ್ದೆ?
ಯಾರ ಗೆಣ್ಣಿಗಾದರೂ ನೀನೂ ಬಡಿದೆಯಾ?

ಬೆಳಗಿನ ಆರು. ಹೊಟ್ಟಿನ ಬೂದಿ ಹಾರಿ
ಲೆಕ್ಕದ ಪುಸ್ತಕದ ಮೇಲೆ ಕೂರುತ್ತದೆ,
ಕಾದ ಮರಳಲ್ಲಿ ಅಕ್ಕಿ ಸಿಡಿಯುತ್ತದೆ.
"ಹದಿನಾಕು ಚೀಲ ಹರಪನಹಳ್ಳಿಗೆ, ಬರ್ಕಾ!"
ಬರೆದುಕೊಳ್ಳುತ್ತೇನೆ.
ಒಣಗುವ ಮೊದಲೇ ಅಂಗೈ ಅದರ ಮೇಲೆ ಹಾಯುತ್ತದೆ;
ಹದಿನಾಲ್ಕಕ್ಕೊಂದು ಬಾಲ ಬರುತ್ತದೆ.