ಇನ್ನೊಂದು ಕೈ ಬಿಳಿ

ಗ್ರೋನಿಂಗನ್, ನವೆಂಬರ್. ನಾಲ್ಕಕ್ಕೇ ದೀಪ.
ಕ್ರಮಸಂಖ್ಯೆ ಮೂವತ್ತೊಂದು: ಸೀಟ್ಸೆ,
ಗೋಡೆಗೆ ಬಣ್ಣ ಬಳಿಯುವವ.
ಉಗುರಂಚಲ್ಲಿ ಇನ್ನೂ ಬಿಳಿ ಗೆರೆ.

ನುಂಗಿದ್ದು ಒಮ್ಮೆ, ಹತ್ತೊಂಬತ್ತನೇ ವಯಸ್ಸಲ್ಲಿ,
ಅಂಚೆಚೀಟಿಗಿಂತ ಸಣ್ಣ ಕಾಗದ.
ಅಮಲು ಬೆಳಗಾಗುವಷ್ಟರಲ್ಲಿ ಇಳಿಯಿತು,
ಕಣ್ಣಿಂದ ಮಾತ್ರ ಇಳಿಯಲಿಲ್ಲ. ಹನ್ನೊಂದು ವರ್ಷ.

ಸೈಕಲ್ ಹೋದರೆ ಅದರ ಬೆನ್ನಿಗೆ
ಐದು ಸೈಕಲ್, ಮಾಸುತ್ತ ಮಾಸುತ್ತ.
"ಅದೂ ಈ ಊರಲ್ಲಿ, ಡಾಕ್ಟರೇ!" ನಗುತ್ತಾನೆ.
ದೀಪ ಆರಿಸಿದರೂ ಕತ್ತಲು ಸುಮ್ಮನಿರದು.
ಫೆಮ್ಕಗೆ ಹೇಳುವುದು ಬಿಟ್ಟಿದ್ದಾನೆ,
ಪಾಪ, ಅವಳೂ ಕತ್ತಲಲ್ಲಿ ಹುಡುಕತೊಡಗಿದ್ದಳಂತೆ.

ನನ್ನ ಹತ್ತಿರ ಪ್ರಶ್ನೆ ನಲವತ್ತು. ಹದಿನೆಂಟನೆಯದು:
ಇಲ್ಲದ್ದನ್ನು ಕಾಣುತ್ತೀರಾ?
ಪೆನ್ನು ಕೆಳಗಿಟ್ಟ.
"ಕಾಣುತ್ತೇನೆ. ಇಲ್ಲವೆಂದೂ ಗೊತ್ತು.
ಹುಚ್ಚನಿಗೆ ಈ ಎರಡನೇ ಕೆಲಸವಿಲ್ಲ."
ಹೌದು, ಇಲ್ಲ: ಇರುವುದು ಎರಡೇ ಚೌಕ.
ಅಂಚಿನಲ್ಲಿ ಬರೆದುಕೊಂಡೆ.

ರೆಟಿನಾ ಸರಿ. ನರ ಸರಿ.
ಸ್ಕ್ಯಾನಿನಲ್ಲಿ ಮಿದುಳು, ಸಂತೆಯಲ್ಲಿ ಆರಿಸಿ ತಂದ ಹೂಕೋಸು.
ವಾಸಿಯಾಗುತ್ತದಾ, ಅಂದ.
ಗೊತ್ತಿಲ್ಲ ಅನ್ನುವುದಕ್ಕೆ ನಮ್ಮಲ್ಲಿ ಉದ್ದುದ್ದ ಪದಗಳಿವೆ,
ಒಂದೂ ಬಾಯಿಗೆ ಬರಲಿಲ್ಲ.

ಬಿಳಿಯ ಮೇಲೆ ಸದಾ ಮರಳು ಕುದಿಯುತ್ತದಂತೆ.
ಮತ್ತೆ ಕೆಲಸ ಹೇಗೆ?

ಜಾಕೆಟ್ಟಿಗೆ ಒಂದು ತೋಳು ತೂರಿಸಿದವನು
ಕಣ್ಣು ಮುಚ್ಚಿದ,
ನಮ್ಮ ಕೋಣೆಯ ಗೋಡೆಗುಂಟ ಅಂಗೈ ಜಾರಿಸಿದ,
ಕಿಟಕಿಯ ಬಲಕ್ಕೆ ನಿಂತ.
"ಇಲ್ಲಿ ಇನ್ನೊಂದು ಕೈ ಹೊಡೆಯಬೇಕಿತ್ತು."

ಆರು ವರ್ಷ
ಆ ಗೋಡೆಗೇ ಮುಖ ಮಾಡಿ ಕೂತವಳು ನಾನು.